ಚಿಕ್ಕಮಾದು ಮೇಷ್ಟ್ರು ಕಟ್ಟಿದ ಟೀಮು

ಮಳವಳ್ಳಿಯ ಕಾಲೇಜಿಗೆ ದೈಹಿಕ ಶಿಕ್ಷಣದ ಮೇಷ್ಟ್ರಾಗಿ ಸೇರಿಕೊಂಡ ದಿನ ಪ್ರಿನ್ಸಿಪಾಲರು ಚಿಕ್ಕಮಾದುವಿನ ನೇಮಕಾತಿ ಆದೇಶವನ್ನು ಹಿಂದೆ ಮುಂದೆ ತಿರುವಿ ನೋಡಿ, "ನಿಮ್ಮದು ಮೆರಿಟ್ಟೋ, ಕೋಟಾನೋ?" ಎಂದು ಕೇಳಿದರು.

"ಕಬಡ್ಡಿ ಸಾರ್" ಅಂದರು ಚಿಕ್ಕಮಾದು.

ಅದು ಉತ್ತರವೋ ಉದ್ಧಟತನವೋ ಪ್ರಿನ್ಸಿಪಾಲರಿಗೆ ಗೊತ್ತಾಗಲಿಲ್ಲ. ಹೇಳಿದವರಿಗೂ ಗೊತ್ತಿರಲಿಲ್ಲ. ಅದು ತೊಂಬತ್ತನಾಲ್ಕನೇ ಇಸವಿಯ ಜುಲೈ ತಿಂಗಳು. ಚಿಕ್ಕಮಾದುವಿಗೆ ಆಗ ಇಪ್ಪತ್ತೆಂಟು ವರ್ಷ. ಕಾಲೇಜು ಶುರುವಾದಾಗಿನಿಂದ ದಲಿತ ಕೇರಿಯಿಂದ ಬಂದ ಒಬ್ಬರೂ ಅಲ್ಲಿ ಮೇಷ್ಟ್ರಾಗಿರಲಿಲ್ಲ. ಸುತ್ತಿನ ಕಾಲೇಜುಗಳಲ್ಲೂ ಆಟದ ತಂಡವೊಂದರ ಹೊಣೆ ಅಂಥವರ ಕೈಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಅವರಿಗೆ ಸಿಕ್ಕಿದ್ದು ಬಾಗಿಲ ಪಕ್ಕದ ಬೆಂಚು. ಅಲ್ಲಿಂದ ಮೈದಾನ ಚೆನ್ನಾಗಿ ಕಾಣುತ್ತಿತ್ತು. ಹಾಗಾಗಿ ಬೇರೆ ಜಾಗ ಕೇಳಲು ಹೋಗಲಿಲ್ಲ.

ಅವರ ಊರು ಬಂಡೂರಿನ ಪಕ್ಕದ್ದು. ಅಪ್ಪ ಮರಿಸಿದ್ದಯ್ಯ ಊರವರ ಕುರಿ ಮೇಯಿಸುತ್ತಿದ್ದ. ಶಾಲೆ ಇಲ್ಲದ ದಿನ ಚಿಕ್ಕಮಾದುವೂ ಹಿಂದೆ ಹೋಗುತ್ತಿದ್ದ. ಬಂಡೂರು ಕುರಿ ಗಿಡ್ಡ, ಮೋಟುಗಾಲಿನದು, ಮೈ ಮಾತ್ರ ದುಂಡಗೆ ತುಂಬಿಕೊಂಡಿರುತ್ತದೆ. ಓಡುವ ಕುರಿಯ ಕುತ್ತಿಗೆಗೆ ಕೈ ಹಾಕಿದರೆ ನುಣುಚಿಕೊಳ್ಳುತ್ತದೆ. ಮಂಡಿ ಬಗ್ಗಿಸಿ, ಅದರ ಹಿಂಗಾಲಿನ ಮೇಲೇ ಕಣ್ಣಿಟ್ಟು, ಕಾಲೆತ್ತಿದ ಗಳಿಗೆಗೆ ಸರಿಯಾಗಿ ಹಿಡಿಯಬೇಕು. ಹತ್ತು ವರ್ಷ ತುಂಬುವ ಹೊತ್ತಿಗೆ ಚಿಕ್ಕಮಾದು ಈ ಕೆಲಸದಲ್ಲಿ ಪಳಗಿಬಿಟ್ಟಿದ್ದ. ಸಂಜೆ ಕೇರಿಯ ಹುಡುಗರ ಜೊತೆ ಹಳ್ಳದ ಮರಳಿನಲ್ಲಿ ಕಬಡ್ಡಿ ಆಡುವಾಗ ಅದೇ ಹಿಡಿತವನ್ನು ಮನುಷ್ಯರ ಕಾಲಿನ ಮೇಲೆ ಪ್ರಯೋಗಿಸಿದ. ಹಿಡಿದ ಕಾಲು ಬಿಡಿಸಿಕೊಂಡು ಹೋದವರು ಕಮ್ಮಿ. ಆ ಹಿಡಿತವೇ ಅವನನ್ನು ಮಂಡ್ಯದ ಕಾಲೇಜಿಗೆ, ಅಲ್ಲಿಂದ ವಿಶ್ವವಿದ್ಯಾನಿಲಯದ ತಂಡಕ್ಕೆ, ಕೊನೆಗೆ ದೈಹಿಕ ಶಿಕ್ಷಣದ ಪದವಿಗೆ ಒಯ್ದು ಮುಟ್ಟಿಸಿತು.

ಮಳವಳ್ಳಿ ಕಾಲೇಜಿನಲ್ಲಿ ಕಬಡ್ಡಿ ತಂಡ ಅಂತ ಒಂದಿತ್ತು. ವರ್ಷಕ್ಕೊಮ್ಮೆ ಅಂತರ ಕಾಲೇಜು ಪಂದ್ಯಕ್ಕೆ ಹೋಗಿ ಮೊದಲ ಸುತ್ತಿನಲ್ಲೇ ಸೋತು ಮಧ್ಯಾಹ್ನದ ಬಸ್ಸಿಗೆ ವಾಪಸ್ಸಾಗುವುದು ಅದರ ರೂಢಿ. ಚಿಕ್ಕಮಾದು ಮೇಷ್ಟ್ರು ನೋಟೀಸ್ ಬೋರ್ಡಿಗೆ ಚೀಟಿ ಅಂಟಿಸಿದರು: ಬೆಳಿಗ್ಗೆ ಆರಕ್ಕೆ ಮೈದಾನ, ಯಾರು ಬೇಕಾದರೂ ಬರಬಹುದು. ನಲವತ್ತು ಹುಡುಗರು ಬಂದರು. ಒಂದು ತಿಂಗಳು ಓಡಿಸಿ, ಬೀಳಿಸಿ, ಏಳಿಸಿ ಹನ್ನೆರಡು ಜನರನ್ನು ಉಳಿಸಿಕೊಂಡರು. ಅದರಲ್ಲಿ ಇಬ್ಬರು ಅಪರೂಪದವರು. ಒಬ್ಬ ಬಂಡೂರಿನ ಚಿಕ್ಕಣ್ಣಗೌಡರ ಮಗ ಯತೀಶ್. ಎದುರಾಳಿಯ ಅಂಕಣಕ್ಕೆ ನುಗ್ಗಿದರೆ ಬರಿಗೈಲಿ ಬರುತ್ತಿರಲಿಲ್ಲ. ಇನ್ನೊಬ್ಬ ಮಳವಳ್ಳಿಯ ದಲಿತ ಕಾಲೋನಿಯ ಅಂಬರೀಶ್. ಮೂಲೆಯಲ್ಲಿ ನಿಂತು ನುಗ್ಗಿ ಬಂದವರನ್ನು ಹಿಡಿಯುವುದರಲ್ಲಿ ಅವನ ಸಮಕ್ಕೆ ಯಾರೂ ಇರಲಿಲ್ಲ.

ತೊಂದರೆ ಇದ್ದದ್ದು ಇವರಿಬ್ಬರ ನಡುವೆಯೇ. ಕಬಡ್ಡಿಯಲ್ಲಿ ಹಿಡಿಯುವ ತಂಡ ಕೈಗೆ ಕೈ ಕೋದುಕೊಂಡು ಚೈನು ಕಟ್ಟಿ ನಿಲ್ಲಬೇಕು. ಮೂಲೆಯ ಅಂಬರೀಶನ ಪಕ್ಕದ ಜಾಗ ಯತೀಶನದು. ಯತೀಶ್ ಆ ಕಡೆಯ ಕೈ ಚಾಚುತ್ತಿರಲಿಲ್ಲ. ಬಾಯಿ ಬಿಟ್ಟು ಏನೂ ಹೇಳುತ್ತಿರಲಿಲ್ಲ. ಹೆಜ್ಜೆ ಹಾಕುವಾಗ ಹೇಗೋ ಒಂದು ಮೊಳ ದೂರ ಉಳಿದುಬಿಡುತ್ತಿದ್ದ. ಕೇಳಿದರೆ, "ಕೈ ಬೆವರ್ತದೆ ಸಾ, ಜಾರೋಯ್ತದೆ" ಅನ್ನುತ್ತಿದ್ದ.

ಮೇಷ್ಟ್ರು ಭಾಷಣ ಮಾಡಲಿಲ್ಲ. ಅಂಗಿ ಬಿಚ್ಚಿಟ್ಟು ತಾವೇ ಅಂಕಣಕ್ಕೆ ಇಳಿದು ನುಗ್ಗಿದರು. ಇಬ್ಬರ ನಡುವಿನ ಆ ಖಾಲಿ ಜಾಗದಲ್ಲಿ ತೂರಿ, ಒಬ್ಬನನ್ನು ಮುಟ್ಟಿ, ನಡುಗೆರೆ ದಾಟಿದರು. ಮತ್ತೆ ನುಗ್ಗಿದರು, ಮತ್ತೆ ಅಲ್ಲೇ. ಹದಿನೈದು ಸಲ ಆದ ಮೇಲೆ ಹುಡುಗರು ಏದುಸಿರು ಬಿಡುತ್ತ ನಿಂತರು.

"ನಾನು ಪ್ರತಿ ಸಲ ಎಲ್ಲಿಂದ ಓಯ್ತಾ ಇದ್ದೀನಿ, ಯತೀಶ?"

"ಅಲ್ಲಿಂದ ಸಾ."

"ಅಲ್ಲೇನದೆ?"

"ಏನಿಲ್ಲ ಸಾ."

"ಅದ್ಕೇ ಕಣ್ಲಾ ಅಲ್ಲಿಂದ ಓಯ್ತಾ ಇರಾದು."

ಮಾರನೆಯ ದಿನದಿಂದ ಎಲ್ಲರೂ ಅಂಗೈಗೆ ಒಣಮಣ್ಣು ತಿಕ್ಕಿಕೊಂಡೇ ಅಂಕಣಕ್ಕೆ ಇಳಿಯಬೇಕೆಂದು ಮೇಷ್ಟ್ರು ನಿಯಮ ಮಾಡಿದರು. ಬೆವರಿನ ನೆಪ ಹೋಯಿತು. ಆ ಒಂದು ಮೊಳದ ಜಾಗ ಮಾತ್ರ ಹಾಗೇ ಇತ್ತು.

ಮಂಡ್ಯದಲ್ಲಿ ನಡೆದ ವಲಯ ಮಟ್ಟದ ಪಂದ್ಯದಲ್ಲಿ ತಂಡ ಮೊದಲ ಸಲ ಎರಡು ಸುತ್ತು ಗೆದ್ದಿತು. ಮೂರನೆಯದರಲ್ಲಿ ಎದುರಾಳಿ ತಂಡದ ಚುರುಕು ಹುಡುಗನೊಬ್ಬ ಆ ಜಾಗವನ್ನು ಗುರುತಿಸಿದ. ಅಲ್ಲಿಂದಾಚೆಗೆ ಅವರು ಬೇರೆ ಕಡೆ ಕಣ್ಣೇ ಹಾಯಿಸಲಿಲ್ಲ. ಎರಡು ಪಾಯಿಂಟಿನಲ್ಲಿ ಸೋಲಾಯಿತು. ಮರುದಿನ ನೋಟೀಸ್ ಬೋರ್ಡಿನ ಪಟ್ಟಿಯಲ್ಲಿ ಯತೀಶನ ಹೆಸರಿರಲಿಲ್ಲ.

ಕಾಲೇಜೆಲ್ಲ ಗುಲ್ಲಾಯಿತು. ಇದ್ದವರಲ್ಲಿ ಒಳ್ಳೆಯ ಆಟಗಾರನನ್ನೇ ಈ ಮೇಷ್ಟ್ರು ಕಿತ್ತುಹಾಕಿದ್ದಾರೆ, ತಮ್ಮ ಜಾತಿಯ ಹುಡುಗನನ್ನು ಉಳಿಸಿಕೊಂಡಿದ್ದಾರೆ ಎಂದು ಮಾತಾಡಿದರು. ಪ್ರಿನ್ಸಿಪಾಲರು ಕರೆಸಿದರು.

"ನೋಡಿ, ಊರವರನ್ನ ಎದುರು ಹಾಕ್ಕೊಂಡು ಕಾಲೇಜು ನಡೆಸೋಕಾಗಲ್ಲ. ಆ ಅಂಬರೀಶನ್ನ ಈ ವರ್ಷ ಬಿಡಿ. ಒಬ್ಬ ಹುಡುಗನ ವಿಷಯ, ಅಷ್ಟೇ ತಾನೆ?"

ಚಿಕ್ಕಮಾದು ಕೊರಳಿನಲ್ಲಿದ್ದ ವಿಸಿಲನ್ನು ತೆಗೆದು ಮೇಜಿನ ಮೇಲಿಟ್ಟರು. ಪ್ರೊಬೇಷನ್ ಮುಗಿಯಲು ಇನ್ನೂ ಒಂದೂವರೆ ವರ್ಷವಿತ್ತು. ಮನೆಯಲ್ಲಿ ಅವ್ವ, ಮದುವೆಯಾಗಿ ಆರು ತಿಂಗಳಾಗಿದ್ದ ಹೆಂಡತಿ ಹೊಂಬಾಳಮ್ಮ. "ಟೀಮಿನ ಲಿಸ್ಟು ಬರೆಯೋದು ನನ್ನ ಕೆಲಸ ಸಾರ್. ಆ ಕೆಲಸ ನೀವೇ ಮಾಡೋದಾದ್ರೆ ಇದನ್ನೂ ಇಟ್ಕೊಳ್ಳಿ" ಅಂದರು.

ಪ್ರಿನ್ಸಿಪಾಲರು ವಿಸಿಲನ್ನು ನೋಡಿದರು. ಮೈದಾನದಲ್ಲಿ ಬೆಳಿಗ್ಗೆ ಆರಕ್ಕೆ ನಿಲ್ಲುವ ತಮ್ಮ ಚಿತ್ರ ಕಣ್ಣಿಗೆ ಬಂತೋ ಏನೋ, ಅದನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದರು. "ಸೋತು ಬಂದ್ರೆ ಮಾತ್ರ ನನ್ನ ಹತ್ರ ಬರಬೇಡಿ" ಅಂದರು.

ಚಿಕ್ಕಣ್ಣಗೌಡರು ಪ್ರಿನ್ಸಿಪಾಲರ ಹತ್ತಿರ ಹೋಗಲಿಲ್ಲ. ನೇರ ಮೈದಾನಕ್ಕೇ ಬಂದರು.

"ಏನ್ ಮೇಷ್ಟ್ರೇ, ನನ್ ಮಗನ್ನ ಆಚ್ಗೆ ಆಕುದ್ರಂತೆ?"

"ಔದು ಗೌಡ್ರೇ. ಚೈನ್ ಕಟ್ಟಕ್ಕೆ ಒಪ್ಪಕ್ಕಿಲ್ಲ ಅಂತಾನೆ."

"ಅವ್ನಿಲ್ದೆ ಗೆದ್ದೀರಾ ನೀವು?"

"ಇಲ್ಲ. ಸೋಲ್ತೀವಿ. ಅವ್ನಿದ್ದಾಗ್ಲೂ ಸೋತ್ವಲ್ಲ."

ಗೌಡರು ಬಯ್ಯಲು ಸಿದ್ಧವಾಗಿ ಬಂದವರು. ಈ ಮಾತು ಕೇಳಿ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದರು.

ಯತೀಶ್ ಮೂರು ವಾರ ಕಾಂಪೌಂಡ್ ಗೋಡೆಯ ಮೇಲೆ ಕೂತು ಆಟ ನೋಡಿದ. ಮೊದಮೊದಲು ಗೆಳೆಯರನ್ನು ಕಟ್ಟಿಕೊಂಡು ಬಂದು ನಗುತ್ತಿದ್ದ. ಆಮೇಲೆ ಒಬ್ಬನೇ ಬರತೊಡಗಿದ. ಒಂದು ಬೆಳಿಗ್ಗೆ ಗೋಡೆಯಿಂದ ಧುಮುಕಿ, ಚಪ್ಪಲಿ ಬಿಟ್ಟು, ಅಂಗೈಗೆ ಮಣ್ಣು ತಿಕ್ಕಿಕೊಂಡು ಅಂಬರೀಶನ ಪಕ್ಕ ಬಂದು ನಿಂತ. ಕೈ ಚಾಚಿದ.

ಅಂಬರೀಶ್ ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡ. "ನಾನು ಇಡ್ಯಕ್ಕಿಲ್ಲ ಸಾ ಇವನ ಕೈಯ. ನಾಕು ತಿಂಗ್ಳು ನನ್ ಕೈ ಆಗ್ತಿರ್ಲಿಲ್ಲ ಇವನ್ಗೆ. ಇವತ್ತು ಬೇಕಾಯ್ತಾ?" ಎಂದವನೇ ಅಂಕಣ ಬಿಟ್ಟು ನಡೆದ.

ಚಿಕ್ಕಮಾದು ಇದನ್ನು ಎಣಿಸಿರಲಿಲ್ಲ. ಯತೀಶನನ್ನು ಬಗ್ಗಿಸುವುದು ಹೇಗೆಂದು ಅಷ್ಟು ದಿನ ಯೋಚಿಸಿದ್ದರು; ಅಂಬರೀಶನ ಮನಸ್ಸಿನಲ್ಲಿ ಏನಿದೆಯೆಂದು ಒಂದು ದಿನವೂ ಕೇಳಿರಲಿಲ್ಲ. ಉಳಿದವರಿಗೆ ಓಡಲು ಹೇಳಿ, ಬೇವಿನ ಮರದ ಕೆಳಗೆ ಕೂತಿದ್ದ ಅಂಬರೀಶನ ಪಕ್ಕ ಹೋಗಿ ಕೂತರು. ಯಾರಿಗೂ ಹೇಳದ ಒಂದು ಮಾತನ್ನು ಅಂದು ಹೇಳಿದರು.

ಮಂಡ್ಯದಲ್ಲಿ ಓದುವಾಗ ಅವರ ತಂಡ ಬಸರಾಳಿನಲ್ಲಿ ಪಂದ್ಯ ಗೆದ್ದಿತ್ತು. ಗೆಲ್ಲಿಸಿಕೊಟ್ಟದ್ದು ಚಿಕ್ಕಮಾದುವೇ. ಆ ಕಡೆಯವನೇ ಆದ ಜೊತೆ ಆಟಗಾರನೊಬ್ಬ ಎಲ್ಲರನ್ನೂ ಮನೆಗೆ ಊಟಕ್ಕೆ ಕರೆದ. ಆರು ಜನಕ್ಕೆ ನಡುಮನೆಯಲ್ಲಿ ಎಲೆ ಹಾಕಿದರು, ಚಿಕ್ಕಮಾದುವಿಗೆ ಜಗುಲಿಯಲ್ಲಿ. ಅರ್ಧ ಗಂಟೆ ಮುಂಚೆ ಗೆದ್ದ ಖುಷಿಗೆ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದವರೇ ಒಳಗೆ ಕೂತು ಉಂಡರು. ಒಬ್ಬನೂ ತಲೆಯೆತ್ತಿ ಜಗುಲಿಯ ಕಡೆ ನೋಡಲಿಲ್ಲ.

"ಎದ್ದು ಬಂದ್ರಾ ಸಾ?" ಅಂಬರೀಶ್ ಕೇಳಿದ.

"ಇಲ್ಲ ಕಣ್ಲಾ. ಒಟ್ಟೆ ಅಸ್ತಿತ್ತು. ಉಂಡೆ. ಮುದ್ದೆ, ಅವರೆಕಾಳಿನ ಸಾರು. ಎರಡ್ನೇ ಸಲಾನೂ ಆಕುಸ್ಕಂಡೆ." ಮೇಷ್ಟ್ರು ಅಂಗೈಗೆ ಅಂಟಿದ್ದ ಮಣ್ಣು ಕೊಡವಿದರು. "ಅವರ್ನ ನಾನು ಇನ್ನೂ ಕ್ಸಮಿಸಿಲ್ಲ. ನನ್ನೂ ಕ್ಸಮಿಸ್ಕಂಡಿಲ್ಲ. ಅಂತಾದ್ರಲ್ಲಿ ನೀನು ಕ್ಸಮಿಸು ಅಂತ ಎಂಗ್ ಏಳ್ಲಿ? ಬ್ಯಾಡ ಅಂದ್ರೆ ಬುಡು. ನಿನ್ ಜಾಗ ಎಲ್ಲೂ ಓಗಕ್ಕಿಲ್ಲ. ಅವನ್ಗೆ ಬೇರೆ ಜಾಗ ನೋಡ್ತೀನಿ."

ಅಂಬರೀಶ್ ಎದ್ದು ತನ್ನ ಮೂಲೆಗೆ ಹೋಗಿ ನಿಂತ. ನಾಲ್ಕು ದಿನ ಯತೀಶ್ ಇನ್ನೊಂದು ತುದಿಯಲ್ಲಿ ನಿಂತು ಆಡಿದ. ಐದನೆಯ ದಿನ ನೀರು ಕುಡಿಯಲು ನಲ್ಲಿಯ ಬಳಿ ಇಬ್ಬರೇ ಇದ್ದಾಗ ಯತೀಶ್ ನೆಲ ನೋಡುತ್ತ, "ತೆಪ್ಪಾಯ್ತು ಕಣ್ಲಾ ಅಂಬ್ರೀಸ. ಮನೇಲಿ ಇರದೇ ಅಂಗೆ, ನಾನೂ ಅಂಗೇ ಆಗ್ಬುಟ್ಟಿದ್ದೆ" ಅಂದನಂತೆ. ಅಂಬರೀಶ್ ಮುಖ ತೊಳೆದು, "ನೋಡಮು ಬಾ" ಅಂದನಂತೆ. ಮೇಷ್ಟ್ರಿಗೆ ಇದು ತಿಳಿದದ್ದು ವರ್ಷಗಳ ಮೇಲೆ. ಅವತ್ತು ಅವರು ಕಂಡದ್ದು ಇಷ್ಟೇ: ಇಬ್ಬರೂ ನಲ್ಲಿಯ ಕಡೆಯಿಂದ ಬಂದರು, ಅಂಬರೀಶ್ ಮೂಲೆಗೆ ನಿಂತ, ಯತೀಶ್ ಪಕ್ಕಕ್ಕೆ ನಿಂತ, ಆ ಒಂದು ಮೊಳ ಮುಚ್ಚಿಹೋಯಿತು.

ಆ ವರ್ಷದ ಅಂತರ ಕಾಲೇಜು ಪಂದ್ಯದಲ್ಲಿ ಸೆಮಿಫೈನಲಿನವರೆಗೆ ಹೋದರು. ಮುಂದಿನ ವರ್ಷ ಮೈಸೂರಿನಲ್ಲಿ ಫೈನಲ್. ಒಂದು ಪಾಯಿಂಟು ಮುಂದಿದ್ದರು, ಎದುರಾಳಿಗೆ ಉಳಿದಿದ್ದದ್ದು ಕೊನೆಯ ಒಂದು ದಾಳಿ. ನುಗ್ಗಿ ಬಂದವನು ಎತ್ತರದ ಆಳು, ಇಡೀ ಪಂದ್ಯದಲ್ಲಿ ಅವನನ್ನು ಎರಡು ಸಲ ಮಾತ್ರ ಹಿಡಿದಿದ್ದರು. ಅಂಬರೀಶ್ ಒಂದು ಕೈಯಿಂದ ಅವನ ಕಾಲು ಹಿಡಿದು ನೆಲಕ್ಕೆ ಬಿದ್ದ. ಎತ್ತರದವನು ಅವನನ್ನು ಎಳೆದುಕೊಂಡೇ ನಡುಗೆರೆಯತ್ತ ಹೊರಟ. ಯತೀಶ್ ಅಂಬರೀಶನ ಕೈ ಬಿಡಲಿಲ್ಲ. ಹಿಮ್ಮಡಿಯೂರಿ ಇಡೀ ಮೈಭಾರ ಹಾಕಿ ಜಗ್ಗಿದ. ಅಷ್ಟರಲ್ಲಿ ಉಳಿದವರು ಬಂದು ಮೇಲೆ ಬಿದ್ದರು. ಧೂಳು ಅಡಗಿದಾಗ ಎತ್ತರದವನ ಬೆರಳ ತುದಿಗೂ ಗೆರೆಗೂ ನಡುವೆ ಒಂದು ಗೇಣು ಉಳಿದಿತ್ತು.

ಮರುದಿನದ ಪತ್ರಿಕೆಯಲ್ಲಿ ಫೋಟೋ ಬಂತು. ನಡುವೆ ಹಾರ ಹಾಕಿಕೊಂಡ ಪ್ರಿನ್ಸಿಪಾಲರು, ಅಕ್ಕಪಕ್ಕ ಆಟಗಾರರು. ಚಿಕ್ಕಮಾದುವಿನ ತಾಯಿ ಮುದ್ದಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದಳು. "ಇದ್ರಲ್ಲಿ ನೀನೆಲ್ಲಿದ್ದೀಯಪ್ಪಾ?"

"ಈ ಅಂಚಲ್ಲಿ ಒಂದು ಮೊಣಕೈ ಕಾಣ್ತದಲ್ಲವ್ವಾ, ಅದು ನಂದು."

ಮುದ್ದಮ್ಮ ಪತ್ರಿಕೆಯನ್ನು ಮಡಿಸಿ ಪೆಟ್ಟಿಗೆಗೆ ಇಟ್ಟಳು. ಬಂದವರಿಗೆಲ್ಲ ತೆಗೆದು ತೋರಿಸಿ, "ಈ ಮೊಣಕೈ ನಮ್ಮುಡ್ಗುಂದು" ಅನ್ನುತ್ತಿದ್ದಳು.

ಗೆದ್ದ ಮೇಲೆ ಎಲ್ಲವೂ ಸರಿಹೋಯಿತು ಅಂದರೆ ಸುಳ್ಳಾದೀತು. ಚಿಕ್ಕಣ್ಣಗೌಡರು ಕೊನೆಯವರೆಗೂ ಮೇಷ್ಟ್ರನ್ನು ಮನೆಗೆ ಕರೆಯಲಿಲ್ಲ. ಮಳವಳ್ಳಿಯ ಪೇಟೆಯಲ್ಲಿ ಎದುರಾದರೆ ನಿಂತು, "ಟೀಮ್ ಎಂಗದೆ?" ಅಂತ ಕೇಳುತ್ತಿದ್ದರು, ಅಷ್ಟೆ. ಯತೀಶ್ ಮದ್ದೂರಿನ ಹೈಸ್ಕೂಲಿನಲ್ಲಿ ಆಟದ ಮೇಷ್ಟ್ರಾದ. ಅಂಬರೀಶ್ ಪೊಲೀಸ್ ಇಲಾಖೆ ಸೇರಿ ಮಂಡ್ಯದಲ್ಲಿ ನೆಲೆಯಾದ. ಇಬ್ಬರೂ ಪ್ರಾಣ ಸ್ನೇಹಿತರೇನೂ ಆಗಲಿಲ್ಲ. ಆದರೆ ಎಲ್ಲಾದರೂ ಒಳ್ಳೆಯ ಪಂದ್ಯವಿದ್ದರೆ ಒಬ್ಬರಿಗೊಬ್ಬರು ಫೋನು ಮಾಡುತ್ತಾರೆ.

ಎರಡು ಸಾವಿರದ ಮೂರರಲ್ಲಿ ಅರುಂಧತಿ ಎಂಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಅವಳದು ಮೇಷ್ಟ್ರ ಪಕ್ಕದೂರಿನ ಕೇರಿ. "ಉಡ್ಗೀರ್ಗೆ ಯಾಕ್ ಸಾ ಟೀಮಿಲ್ಲ?" ಅಂದಳು. ಒಂಬತ್ತು ವರ್ಷದಲ್ಲಿ ಆ ಪ್ರಶ್ನೆ ತಮಗೇ ಹೊಳೆಯದೇ ಇದ್ದದ್ದಕ್ಕೆ ಮೇಷ್ಟ್ರಿಗೆ ನಾಚಿಕೆಯಾಯಿತು.

ತಂಡಕ್ಕೆ ಹುಡುಗಿಯರನ್ನು ಕಳಿಸಿ ಎಂದು ಮನೆಮನೆಗೆ ಹೋದರು. ಅರುಂಧತಿಯ ಗೆಳತಿ ಚಂದನಳ ತಾಯಿ, ಗೌಡರ ಬೀದಿಯ ಯಶೋದಮ್ಮ ಬಾಗಿಲಲ್ಲೇ ನಿಲ್ಲಿಸಿಕೊಂಡು ಖಡಾಖಂಡಿತವಾಗಿ ಹೇಳಿದಳು: "ಚಡ್ಡಿ ಆಕ್ಕಂಡು ಗಂಡಸ್ರು ಮುಂದೆ ಬಿದ್ದೊರ‍್ಳಾಡಕ್ಕೆ ನನ್ ಮಗಳ್ನ ಕಳ್ಸಾ? ಅಲ್ಲಿ ಎಣ್ಣೆಂಗ್ಸು ಅಂತ ಯಾರವ್ರೆ?"

"ನಮ್ಮವ್ವ ಬಂದು ಕುಂತಿರ್ತಾಳೆ ಕಣಮ್ಮ" ಅಂದುಬಿಟ್ಟರು ಮೇಷ್ಟ್ರು. ಅವ್ವನನ್ನು ಕೇಳಿಯೇ ಇರಲಿಲ್ಲ.

ಮುದ್ದಮ್ಮನಿಗೆ ಆಗ ಎಪ್ಪತ್ತು ದಾಟಿತ್ತು. ಬೈದಳು, ಒಪ್ಪಿದಳು. ಮಾರನೆಯ ಬೆಳಿಗ್ಗೆಯಿಂದ ಮಗನ ಸ್ಕೂಟರಿನ ಹಿಂದೆ ಕೂತು ಬಂದು, ಅಂಕಣದ ಪಕ್ಕ ಚಾಪೆ ಹಾಸಿಕೊಂಡು, ಎಲೆಯಡಿಕೆ ಚೀಲ ಬಿಚ್ಚಿದಳು. ಮೊದಲ ವಾರ ಸುಮ್ಮನೆ ನೋಡಿದಳು. ಎರಡನೆಯ ವಾರಕ್ಕೆ ಆಟ ಅರ್ಥವಾಯಿತು. ಮೂರನೆಯ ವಾರದಿಂದ ಮೇಷ್ಟ್ರ ವಿಸಿಲಿಗಿಂತ ಅವಳ ಗಂಟಲೇ ಜೋರು: "ಲೇ ಚಂದ್ನಾ, ಬುಡ್ಬ್ಯಾಡ ಕಣೇ! ಇಡ್ಕಳೇ ಸೊಂಟವ! ಉಂಡಿಲ್ವಾ ಬೆಳಿಗ್ಗೆ?" ನಿಜವಾಗಿ ಮುದುಕಿ ಇದ್ದಾಳೋ ಇಲ್ಲವೋ ಪರೀಕ್ಷಿಸಲು ಒಂದು ದಿನ ಯಶೋದಮ್ಮನೂ ಬಂದಳು. ನಿಂತು ನೋಡಿದಳು. ಮುದ್ದಮ್ಮ ಚಾಪೆಯಲ್ಲಿ ಜಾಗ ಬಿಟ್ಟು, "ಕುಂತ್ಕಳವ್ವಾ, ಕಾಲು ನೋಯ್ತದೆ" ಅಂದಳು. ಯಶೋದಮ್ಮ ಒಂದು ಗಳಿಗೆ ಅತ್ತಿತ್ತ ನೋಡಿ ಕೂತಳು. ತನ್ನ ಮಗಳನ್ನು ಎದುರಿನವಳು ಕೆಡವಿದಾಗ ತಡೆಯಲಾರದೆ ಎದ್ದು ಕೂಗಿದಳು. ಆಮೇಲೆ ವಾರಕ್ಕೆರಡು ದಿನ ಬರತೊಡಗಿದಳು.

ಹುಡುಗಿಯರ ತಂಡ ಕಪ್ಪು ಗೆಲ್ಲಲು ಐದು ವರ್ಷ ಹಿಡಿಯಿತು. ಗೆದ್ದಾಗ ಮುದ್ದಮ್ಮ ಇರಲಿಲ್ಲ. ಅಷ್ಟರೊಳಗೆ ಅರುಂಧತಿ ಕಾಲೇಜು ಮುಗಿಸಿ, ದೈಹಿಕ ಶಿಕ್ಷಣದ ಪದವಿ ಪಡೆದು, ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಳು. ಈಗ ಅವಳು ಮೇಷ್ಟ್ರು ಮಾಡುತ್ತಿದ್ದ ಕೆಲಸವನ್ನೇ ಮದ್ದೂರಿನ ಕಾಲೇಜಿನಲ್ಲಿ ಮಾಡುತ್ತಿದ್ದಾಳೆ. ಮೇಷ್ಟ್ರ ಕೈಯಲ್ಲಿ ಕಲಿತು ಶಾಲೆ ಕಾಲೇಜುಗಳಲ್ಲಿ ಆಟ ಕಲಿಸುತ್ತಿರುವವರು ಮೂವತ್ತಕ್ಕೂ ಮೇಲಿದ್ದಾರೆ.

ಮೇಷ್ಟ್ರ ನಿವೃತ್ತಿಗೆ ಮೂರು ತಿಂಗಳು ಉಳಿದಿದ್ದಾಗ ಮಂಡ್ಯದಲ್ಲಿ ಮಹಿಳೆಯರ ಅಂತರ ಕಾಲೇಜು ಪಂದ್ಯಾವಳಿ ನಡೆಯಿತು. ಫೈನಲಿಗೆ ಬಂದದ್ದು ಮಳವಳ್ಳಿ ಮತ್ತು ಮದ್ದೂರು. ಮೇಷ್ಟ್ರ ಕೊನೆಯ ಪಂದ್ಯ ಎಂದು ಹಳೆಯ ಆಟಗಾರರು ಎಲ್ಲೆಲ್ಲಿಂದಲೋ ಬಂದಿದ್ದರು. ಅಂಬರೀಶ್ ಯೂನಿಫಾರಂನಲ್ಲೇ ಬಂದಿದ್ದ. ಯತೀಶನದು ಫಜೀತಿ: ಅವನ ಮಗಳು ಅಮೃತ ಮದ್ದೂರಿನ ತಂಡದಲ್ಲಿದ್ದಳು. ಯಾವ ಕಡೆ ಕೂರಬೇಕೆಂದು ತಿಳಿಯದೆ ಅವನು ಗ್ಯಾಲರಿಯ ನಟ್ಟನಡುವೆ ನಿಂತೇ ಇದ್ದ.

ಐದು ನಿಮಿಷ ಉಳಿದಿದ್ದಾಗ ಮಳವಳ್ಳಿ ಎರಡು ಪಾಯಿಂಟು ಮುಂದಿತ್ತು. ಇಂಥ ಹೊತ್ತಿನಲ್ಲಿ ಮೇಷ್ಟ್ರು ಯಾವಾಗಲೂ ಎಡಗಡೆಯಿಂದ ನುಗ್ಗುವವಳನ್ನು ಕಳಿಸುತ್ತಿದ್ದರು. ಅರುಂಧತಿ ಅದನ್ನು ಮರೆತಿರಲಿಲ್ಲ. ಟೈಮ್ ಔಟ್ ಕೇಳಿ ಅಮೃತಳನ್ನು ಆ ಕಡೆಗೆ ಬದಲಾಯಿಸಿದಳು. ಮಳವಳ್ಳಿಯ ಹುಡುಗಿ ನುಗ್ಗಿದ್ದೇ ತಡ ಅಮೃತ ಭುಜ ಕೊಟ್ಟು ಅವಳನ್ನು ಅಂಕಣದಿಂದಲೇ ಹೊರಕ್ಕೆ ತಳ್ಳಿದಳು. ಇನ್ನೊಬ್ಬಳು ಹೋದಳು, ಅವಳಿಗೂ, ಅವಳ ನಂತರ ಹೋದವರಿಗೂ ಅದೇ ಗತಿ. ಮಳವಳ್ಳಿ ಮೂರು ಪಾಯಿಂಟಿನಲ್ಲಿ ಸೋತಿತು.

ಅರುಂಧತಿ ಓಡಿ ಬಂದು ಕಾಲು ಮುಟ್ಟಲು ಬಗ್ಗಿದಳು. ಮೇಷ್ಟ್ರು ಹಿಂದಕ್ಕೆ ಸರಿದರು.

"ಕಾಲು ಗೀಲು ಬ್ಯಾಡ. ನನ್ ಎಡಗಡೆ ಆಟ ನಿನ್ಗೆ ಎಂಗ್ ಗೊತ್ತಾಯ್ತು?"

"ನೀವೇ ತಾನೆ ಸಾ ನನ್ನ ಮೂರು ವರ್ಸ ಅಂಗೇ ಕಳ್ಸಿದ್ದು?"

ಮೇಷ್ಟ್ರಿಗೆ ಸಿಟ್ಟು ಬಂದಿತ್ತು. ಸೋಲು ಅವರಿಗೆ ಯಾವತ್ತೂ ಒಗ್ಗಿದ್ದಿಲ್ಲ. ಆದರೆ ಸಿಟ್ಟಿನ ಜೊತೆಗೇ ಎದೆಯಲ್ಲಿ ಇನ್ನೇನೋ ಉಕ್ಕಿ ಬಂದು ಮುಖದ ತುಂಬ ಹರಡಿಕೊಂಡಿತು. ಅದನ್ನು ಮರೆಮಾಚಲು ಅಮೃತಳನ್ನು ಕರೆದು, ಭುಜ ಕೊಡುವಾಗ ತಲೆ ಎಲ್ಲಿರಬೇಕೆಂದು ಅಲ್ಲೇ ನಿಲ್ಲಿಸಿ ತೋರಿಸಿದರು. ಹುಡುಗಿ ಗೆದ್ದ ಕಪ್ಪನ್ನು ಕಂಕುಳಲ್ಲಿ ಇಟ್ಟುಕೊಂಡೇ ಕೇಳಿಸಿಕೊಂಡಳು.

ನಿವೃತ್ತಿಯ ಸಮಾರಂಭ ಚೆನ್ನಾಗಿಯೇ ನಡೆಯಿತು. ಅದಾದ ಮೂರನೆಯ ದಿನ ಅರುಂಧತಿ ಮನೆಗೆ ಬಂದಳು. ಹೊಂಬಾಳಮ್ಮ ಕಾಫಿ ತಂದಿಟ್ಟು, "ಇವರ್ನ ವಸಿ ಎಲ್ಲಾದ್ರೂ ಕರ‍್ಕಂಡೋಗವ್ವಾ. ಬೆಳಿಗ್ಗೆ ಐದ್ಗಂಟ್ಗೇ ಎದ್ದು ಮನೆ ಸುತ್ತ ತಿರಗ್ತಾರೆ" ಅಂದಳು.

"ಅದ್ಕೇ ಬಂದಿದ್ದು ಕಣಕ್ಕ" ಎಂದ ಅರುಂಧತಿ ಮೇಷ್ಟ್ರ ಕಡೆ ತಿರುಗಿದಳು. "ಸಾ, ಈ ವರ್ಸ ಒಸ ಉಡ್ಗೀರು ಬಂದವ್ರೆ. ಏನೂ ಗೊತ್ತಿಲ್ಲ ಅವರ್ಗೆ. ಮಂಗಳವಾರ, ಸುಕ್ರವಾರ ಬೆಳಿಗ್ಗೆ ಮದ್ದೂರ‍್ಗೆ ಬಂದ್ರೆ ಸಾಕು."

"ಎಷ್ಟು ಜನ?"

"ಇಪ್ಪತ್ತೆರಡು."

"ಎರಡು ಟೀಮ್‌ಗೆ ಇಪ್ಪತ್ನಾಕು ಬೇಕು. ಇನ್ನಿಬ್ರುನ್ನ ಉಡುಕು" ಎಂದು ಹೇಳಿ ಚಿಕ್ಕಮಾದು ಮೇಷ್ಟ್ರು ಮದ್ದೂರಿಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು.